ಕುಣಿತದ ಕೂಟಕ್ಕೆ ಹೊರಡುವ ಮುನ್ನ



ಮುಳಬಾಗಿಲಿನಿಂದ ಸುಮಾರು 10 ಕಿ.ಮೀ. ದೂರದ ಈ ಕುರುಡುಮಲೆಗೆ ಮೊದಲು ಕೂಡುಮಲೆ ಎಂಬ ಹೆಸರಿತ್ತೆಂದು ಇಲ್ಲಿನವರು ಹೇಳುತ್ತಾರೆ. ದೇವತೆಗಳು ಬಂದು ಕೂಡುತ್ತಿದ್ದ ಮಲೆ. ಮೇಲಿನ ಲೋಕದಲ್ಲಿ ಬೇಸರವಾದಾಗ ವಿನೋದಕ್ಕೆಂದು ಅವರು ಇಳಿದು ಬರುತ್ತಿದ್ದುದು ಈ ಬೆಟ್ಟಕ್ಕೇ ಎಂಬುದು ಐತಿಹ್ಯ. ಭಾಷಾಶಾಸ್ತ್ರಜ್ಞರು ಈ ವ್ಯುತ್ಪತ್ತಿಯನ್ನು ಒಪ್ಪಲಿ ಬಿಡಲಿ, 13.5 ಅಡಿ ಎತ್ತರದ ಏಕಶಿಲೆಯ ಗಣಪನ ಮುಂದೆ ಜನ ಇಂದಿಗೂ ಕೂಡುತ್ತಲೇ ಇದ್ದಾರೆ. ಚುನಾವಣೆಯ ಪ್ರಚಾರಕ್ಕೆ ಹೊರಡುವ ನಾಯಕರು ಕೂಡ ಇಲ್ಲಿ ಪೂಜೆ ಮುಗಿಸಿ ವಾಹನ ಹತ್ತುವುದುಂಟು. ಅವರ ಕುಣಿತ ಬೇರೆ ಬಗೆಯದು, ಅದು ಇವತ್ತಿನ ವಿಷಯವಲ್ಲ.

ಇವತ್ತಿನ ವಿಷಯ ಜನ ಕೂಡಿ ಕುಣಿಯುವುದು. ಅದರಲ್ಲೂ ಕುಣಿಯುವುದಕ್ಕೆ ಮುಂಚಿನ ಮಾತು. ಯಾವ ಕೂಟಕ್ಕೆ ಹೋಗಬೇಕು, ಹೇಗೆ ಸಿದ್ಧವಾಗಿ ಹೋಗಬೇಕು, ಅಲ್ಲಿ ಯಾರ ಜತೆ ಹೆಜ್ಜೆ ಹಾಕಬೇಕು? ಈ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ದಾರಿ ಕೋಲಾರ ಸೀಮೆಯ ಕೋಲಾಟದಿಂದ ಚಿನ್ನದ ಗಣಿಯ ಡಾನ್ಸ್ ಹಾಲಿಗೆ, ಅಲ್ಲಿಂದ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ನಗರದ ಟ್ಯಾಂಗೊ ಕೂಟಗಳವರೆಗೆ ಹೋಗುತ್ತದೆ. ದೂರದ ದಾರಿ ಹೌದು. ಆದರೆ ಮೂರೂ ಕಡೆ ಜನರ ತಲೆಯಲ್ಲಿದ್ದ ಚಿಂತೆ ಹೆಚ್ಚು ಕಡಿಮೆ ಒಂದೇ.

ಕುಣಿತದಲ್ಲಿ ಎರಡು ಜಾತಿ. ನೋಡಲಿಕ್ಕೆ ಇರುವುದು ಒಂದು, ಸೇರಲಿಕ್ಕೆ ಇರುವುದು ಇನ್ನೊಂದು. ಭರತನಾಟ್ಯ ನೋಡಲು ಹೋದವರು ಚಪ್ಪಾಳೆ ತಟ್ಟಿ ಮನೆಗೆ ಬರುತ್ತಾರೆ. ಅಲ್ಲಿ ಸಿದ್ಧತೆಯೆಲ್ಲ ವೇದಿಕೆಯ ಮೇಲಿನವರದು. ಸೇರುವ ಕುಣಿತದಲ್ಲಿ ಹಾಗಲ್ಲ. ಬಂದವರೇ ಕುಣಿಯುವವರು, ಕುಣಿಯುವವರೇ ನೋಡುವವರು. ಒಬ್ಬ ತಪ್ಪಿದರೆ ಪಕ್ಕದವನ ಬೆರಳಿಗೆ ಏಟು ಬೀಳುತ್ತದೆ. ಇದು ಅಲಂಕಾರದ ಮಾತಲ್ಲ, ಕೋಲಾಟ ಆಡಿದವರನ್ನು ಕೇಳಿ.

ಕೋಲಾಟದ ಸಿದ್ಧತೆ ಶುರುವಾಗುವುದು ಕೋಲಿನಿಂದಲ್ಲ, ಪಂಚಾಂಗದಿಂದ ಮತ್ತು ಹೊಲದಿಂದ. ಈ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಮತ್ತು ಕೆರೆ ನಂಬಿದ ರಾಗಿಯ ನಾಡು ಇದು. ಮುಂಗಾರಿನಲ್ಲಿ ಬಿತ್ತನೆ, ಆಮೇಲೆ ಕಳೆ. ಕಳೆ ಮುಗಿದು ಪೈರು ತೆನೆಗೆ ಬರುವ ಮುನ್ನ ಸಿಗುವ ಬಿಡುವಿನಲ್ಲಿ ಗೌರಿ-ಗಣೇಶ ಹಬ್ಬ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಇನ್ನೊಂದು ಬಿಡುವು. ಆಗ ಬಯಲಿನಲ್ಲಿ ಸಗಣಿ ಸಾರಿಸಿದ ಕಣ ಇರುತ್ತದೆ. ಕಲ್ಲು ಮುಳ್ಳು ಆರಿಸಿ, ಗಟ್ಟಿಸಿ, ನುಣುಪು ಮಾಡಿದ ನೆಲ ಅದು. ಕಾಳು ಒಕ್ಕಿದ ಮೇಲೆ ಬರಿಗಾಲಿನ ಕುಣಿತಕ್ಕೆ ಅದಕ್ಕಿಂತ ಒಳ್ಳೆಯ ಅಂಗಳ ಊರಲ್ಲಿ ಬೇರೆ ಸಿಗಲಾರದು. ಮೇಲೆ ಬೆಳದಿಂಗಳಿದ್ದರೆ ದೀಪದ ಖರ್ಚೂ ಇಲ್ಲ. ಊರಿಗೆ ವಿದ್ಯುತ್ತು ಬರುವ ಮುಂಚಿನ ದಿನಗಳಲ್ಲಿ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳನ್ನೇ ಕಲಿಕೆಗೆ ಆರಿಸಿಕೊಳ್ಳುತ್ತಿದ್ದುದರ ಹಿಂದೆ ಕಾವ್ಯಕ್ಕಿಂತ ಹೆಚ್ಚಾಗಿ ಸೀಮೆಎಣ್ಣೆಯ ಲೆಕ್ಕವಿತ್ತು.

ಆಮೇಲೆ ಕೋಲು. ಗಟ್ಟಿ ಮರದ ಕೊಂಬೆ ಕಡಿದು, ಸಿಪ್ಪೆ ಹೆರೆದು, ನೆರಳಲ್ಲಿ ಒಣಗಿಸಿ, ಹಿಡಿ ಒಂದು ಕಡೆ ತುಸು ದಪ್ಪವಾಗಿರುವಂತೆ ಮಾಡಿಕೊಳ್ಳಬೇಕು. ಹಸಿ ಕೋಲು ದನಿ ಕೊಡುವುದಿಲ್ಲ, ತೀರ ಒಣಗಿದ್ದು ಸಿಗಿಯುತ್ತದೆ. ಮೇಳದ ಎಲ್ಲ ಕೋಲುಗಳೂ ಒಂದೇ ಅಳತೆಯವಾಗಿದ್ದರೆ ದನಿ ಒಂದಾಗುತ್ತದೆ. ಕುಣಿಯುವವರ ಸಂಖ್ಯೆ ಸಾಮಾನ್ಯವಾಗಿ ಸಮ: 8, 12, 16. ಏಕೆಂದರೆ ಪ್ರತಿಯೊಬ್ಬನಿಗೂ ಎದುರಾಳಿ ಬೇಕು. ಎದುರಾಳಿ ಎನ್ನುವುದು ಕೂಡ ಪೂರ್ತಿ ಸರಿಯಾದ ಮಾತಲ್ಲ. ಏಟು ಕೊಡುವವನೂ ಅವನೇ, ಏಟು ತಡೆಯುವವನೂ ಅವನೇ, ಮರುಗಳಿಗೆಯಲ್ಲಿ ಬಿಟ್ಟುಹೋಗುವವನೂ ಅವನೇ. ಒಳಸುತ್ತು ಹೊರಸುತ್ತು ಎದುರುಬದುರು ದಿಕ್ಕಿಗೆ ತಿರುಗುವ ಹೊತ್ತಿನಲ್ಲಿ ಒಬ್ಬ ಆಟಗಾರ ಒಂದೇ ಹಾಡಿನೊಳಗೆ ಹತ್ತಾರು ಸಲ ಜೊತೆ ಬದಲಿಸುತ್ತಾನೆ. ಒಂದೊಂದು ಹೆಣಿಗೆಗೂ ಒಂದೊಂದು ಹೆಸರುಂಟು. ಅದನ್ನು ಕೋಪು ಎನ್ನುತ್ತಾರೆ. ಜಡೆ ಕೋಲಾಟದಲ್ಲಂತೂ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಒಂದು ಕೈಯಲ್ಲಿ ಹಿಡಿದು ಸುತ್ತುತ್ತಾ ಜಡೆ ಹೆಣೆದು, ಅದೇ ಹೆಜ್ಜೆಯನ್ನು ಹಿಂದುಮುಂದಾಗಿ ಹಾಕಿ ಬಿಚ್ಚಬೇಕು. ಒಬ್ಬ ದಾರಿ ತಪ್ಪಿದರೆ ಜಡೆ ಗಂಟಾಗುತ್ತದೆ. ಆ ಗಂಟು ಬಿಡಿಸಲು ಕುಣಿತ ನಿಲ್ಲಿಸಲೇಬೇಕು.

ಕಲಿಸುವ ಗುರು ನಡುವೆ ನಿಂತು ತಾಳ ಹಿಡಿದು ಹಾಡು ಎತ್ತುತ್ತಾನೆ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಮುಳಬಾಗಿಲು, ಶ್ರೀನಿವಾಸಪುರ ಕಡೆ ಹಾಡುಗಳಲ್ಲಿ ತೆಲುಗೂ ಉಂಟು, ಕನ್ನಡವೂ ಉಂಟು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಇದೇನೂ ತೊಡಕಲ್ಲ. ಗಡಿಯ ಎರಡೂ ಬದಿಯಲ್ಲಿರುವ ಚೆಕ್ಕೆ ಭಜನೆಯಲ್ಲಿಯೂ ಹೀಗೆಯೇ. ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ನಡೆಸಿ, ಗುರು ಒಪ್ಪಿದ ಮೇಲೆ ಗೆಜ್ಜೆ ಪೂಜೆ ಮಾಡಿ, ಆಮೇಲೆಯೇ ಹೊಸಬರು ಹತ್ತು ಜನರ ಮುಂದೆ ಹೆಜ್ಜೆ ಹಾಕುವುದು. ಪೂಜೆಗೆ ಮುನ್ನ ಗೆಜ್ಜೆ ಕಟ್ಟುವಂತಿಲ್ಲ. ಇದೊಂದು ಕಟ್ಟುಪಾಡು ಹೌದು, ಕಲಿಯುವವನಿಗೆ ರಕ್ಷಣೆಯೂ ಹೌದು. ತಪ್ಪುವುದೆಲ್ಲ ಕತ್ತಲಲ್ಲಿ, ತನ್ನವರ ನಡುವೆ ಆಗಿಹೋಗುತ್ತದೆ.

ಕೋಲಾಟದ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಸೊಗಸಿದೆ, ಒಂದು ದೊಡ್ಡ ಕೊರತೆಯಿದೆ. ಸುತ್ತಿನೊಳಗೆ ಕಾಲಿಟ್ಟ ಮೇಲೆ ಯಾರೂ ಯಾರನ್ನೂ ಆರಿಸುವಂತಿಲ್ಲ, ಬೇಡವೆನ್ನುವಂತಿಲ್ಲ. ಪಟೇಲರ ಮಗನ ಕೋಲಿಗೆ ಗೇಣಿದಾರನ ಮಗನ ಕೋಲು ತಾಗಲೇಬೇಕು. ಇದು ಸೊಗಸು. ಆದರೆ ನಿರಾಕರಣೆ ಎನ್ನುವುದು ಸುತ್ತಿನ ಒಳಗೆ ಇಲ್ಲದಿರುವುದಕ್ಕೆ ಕಾರಣ, ಅದು ಹೊರಗೇ ನಡೆದುಹೋಗಿರುತ್ತಿತ್ತು. ಊರ ದೇವಸ್ಥಾನದ ಅಂಗಳದಲ್ಲಿ ಯಾರು ನಿಲ್ಲಬಹುದು, ಯಾರು ನಿಲ್ಲಬಾರದು ಎಂಬುದನ್ನು ಜಾತಿ ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಜಾತ್ರೆಗೆ ತಮಟೆ ಬಡಿಯುವವರು ಬೇಕು, ಅವರ ಪೆಟ್ಟಿಲ್ಲದೆ ದೇವರು ಹೊರಡುವುದಿಲ್ಲ, ಆದರೆ ಎಷ್ಟೋ ಊರುಗಳಲ್ಲಿ ಅವರ ಜಾಗ ಕುಣಿತದ ಅಂಚು ಮಾತ್ರ. ಹೆಂಗಸರ ಮಾತೂ ಇದಕ್ಕೆ ಹತ್ತಿರದ್ದೇ. ಅವರ ಕೋಲಾಟ ಅವರದು, ಗಂಡಸರದು ಗಂಡಸರದು.

ಈಗ ಚಿನ್ನದ ಗಣಿಯ ಕಡೆ ಹೊರಳೋಣ. ಕುರುಡುಮಲೆಗೆ ಅದೇನೂ ದೂರವಲ್ಲ, ಆದರೆ ಆ ಕಾಲಕ್ಕೆ ಅದು ಬೇರೆಯೇ ದೇಶ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಯ ಆಡಳಿತ ವಹಿಸಿಕೊಂಡ ಮೇಲೆ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇಂಗ್ಲಿಷರ ಬಂಗಲೆ, ಚರ್ಚು, ಕ್ಲಬ್ಬುಗಳು ಎದ್ದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ನಾಡಿನ ಎಷ್ಟೋ ಊರುಗಳು ಎಣ್ಣೆದೀಪದಲ್ಲಿದ್ದಾಗ ಇಲ್ಲಿ ದೀಪದ ಬೆಳಕು. ಜನ ಅದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರು. ಪುಟ್ಟ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ಸಿಗೆ, ಹೊಸ ವರ್ಷಕ್ಕೆ ಬ್ಯಾಂಡು, ಜೊತೆ ಕುಣಿತ ಇಲ್ಲದಿದ್ದರೆ ಹೇಗೆ? ವಾಲ್ಟ್ಸ್, ಫಾಕ್ಸ್‌ಟ್ರಾಟ್‌ಗಳ ಈ ಲೋಕದಲ್ಲಿ ಆರಿಸುವಿಕೆ ಎನ್ನುವುದು ಕೋಲಾಟಕ್ಕೆ ತದ್ವಿರುದ್ಧ. ಇಲ್ಲಿ ಗಂಡಸು ಬಂದು ಕೇಳಬೇಕು, ಹೆಂಗಸು ಹೂಂ ಅಥವಾ ಊಹೂಂ ಅನ್ನಬೇಕು. ಅವಳು ತಾನಾಗಿ ಕೇಳುವಂತಿರಲಿಲ್ಲ. ಒಬ್ಬನಿಗೆ ಊಹೂಂ ಅಂದ ಮೇಲೆ ಅದೇ ಹಾಡಿಗೆ ಇನ್ನೊಬ್ಬನ ಜತೆ ಎದ್ದರೆ ಅದು ಮರ್ಯಾದೆಗೇಡು. ಹಳೆಯ ಯುರೋಪಿನಲ್ಲಿ ಹೆಂಗಸರ ಕೈಯಲ್ಲಿ ಒಂದು ಚೀಟಿಯೇ ಇರುತ್ತಿತ್ತು. ಎಷ್ಟನೇ ಹಾಡು ಯಾರಿಗೆ ಎಂದು ಮೊದಲೇ ಬರೆದುಕೊಳ್ಳುವ ಚೀಟಿ. ಬಸ್ಸಿನ ಸೀಟಿಗೆ ಟವಲು ಹಾಕುವ ನಮಗೆ ಇದರ ತರ್ಕ ಸುಲಭವಾಗಿ ಅರ್ಥವಾಗುತ್ತದೆ.

ಇಲ್ಲಿಯೂ ಬಾಗಿಲಿತ್ತು. ಯುರೋಪಿಯನ್ನರ ಕ್ಲಬ್ಬು ಬೇರೆ, ಆಂಗ್ಲೋ ಇಂಡಿಯನ್ನರ ಕೂಟ ಬೇರೆ. ನೆಲದ ಕೆಳಗೆ ಇಳಿದು ಬಂಡೆ ಒಡೆಯುತ್ತಿದ್ದ, ಹೆಚ್ಚಾಗಿ ತಮಿಳು ತೆಲುಗು ಆಡುವ ಕೂಲಿಕಾರರು ತಮ್ಮ ಲೈನು ಮನೆಗಳಲ್ಲಿ ತಮ್ಮ ಹಾಡು ತಾವು ಹಾಡಿಕೊಂಡರು. 1947ರ ನಂತರ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಬಹಳಷ್ಟು ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಹೊರಟುಹೋದವು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳದ ದಿನ ಇಲ್ಲದ ಊರಲ್ಲಿ ಕೂಟಕ್ಕೆ ಬ್ಯಾಂಡು ಕರೆಸುವವರು ಯಾರು?

ಕುಣಿತ ಸಾಯುವುದು ಹೆಜ್ಜೆ ಮರೆತು ಅಲ್ಲ, ಕೂಟ ನಿಂತು. ಈ ಮಾತಿಗೆ ಟ್ಯಾಂಗೊ ಬಲವಾದ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ಯೂನಸ್ ಐರಿಸ್ ಮತ್ತು ಮೊಂಟೆವಿಡಿಯೊ ಬಂದರುಗಳ ಬಡ ಕೇರಿಗಳಲ್ಲಿ, ಆಫ್ರಿಕದ ಮೂಲದವರು, ಇಟಲಿ ಸ್ಪೇನಿನಿಂದ ಹೊಟ್ಟೆಪಾಡಿಗೆ ಬಂದವರು, ಹಳ್ಳಿಯಿಂದ ಪಟ್ಟಣಕ್ಕೆ ಬಿದ್ದವರು ಕೂಡಿ ಕಟ್ಟಿದ ಕುಣಿತ ಇದು. ಅದರ ಮುಖ್ಯ ವಾದ್ಯ ಬ್ಯಾಂಡೋನಿಯನ್ ಜರ್ಮನಿಯದು. ಜರ್ಮನಿಯಿಂದ ಬಂದ ಗಾಳಿಪೆಟ್ಟಿಗೆ ಅಲ್ಲಿ ಟ್ಯಾಂಗೊದ ದನಿಯಾಯಿತು, ಯುರೋಪಿನಿಂದ ಬಂದ ಹಾರ್ಮೋನಿಯಂ ಇಲ್ಲಿ ಭಜನೆಯ ದನಿಯಾದ ಹಾಗೆ. 1913ರ ಹೊತ್ತಿಗೆ ಪ್ಯಾರಿಸ್ಸಿನ ಸಿರಿವಂತರಿಗೆ ಅದರ ಹುಚ್ಚು ಹಿಡಿಯಿತು. ಸಿರಿವಂತರು ಒಪ್ಪಿದ ಮೇಲೆ ಅದುವರೆಗೆ ಮೂಗು ಮುರಿದಿದ್ದ ಸ್ವಂತ ಊರಿನ ದೊಡ್ಡ ಮನೆಗಳೂ ಒಪ್ಪಿದವು. 1935ರಿಂದ 1955ರವರೆಗಿನ ಎರಡು ದಶಕ ಅದರ ಸುಗ್ಗಿ. ದಾರಿಯೆಂಸೊ, ದಿ ಸಾರ್ಲಿ, ತ್ರೊಯಿಲೊ, ಪುಗ್ಲಿಯೆಸೆ ಇವರ ವಾದ್ಯಮೇಳಗಳಿಗೆ ಊರೇ ಕುಣಿಯಿತು. 1955ರಲ್ಲಿ ಪೆರೋನ್ ಸರ್ಕಾರ ಉರುಳಿತು. ಸೈನಿಕ ಆಡಳಿತಗಳ ಕಾಲದಲ್ಲಿ ರಾತ್ರಿ ಜನ ಗುಂಪು ಸೇರುವುದೇ ಅನುಮಾನಕ್ಕೆ ಕಾರಣವಾಯಿತು. ಹರೆಯದವರು ರಾಕ್ ಅಂಡ್ ರೋಲ್ ಕಡೆ ಹೋದರು. ಒಂದು ತಲೆಮಾರು ಟ್ಯಾಂಗೊ ಕಲಿಯದೆ ಬೆಳೆಯಿತು.

1983ರಲ್ಲಿ ಪ್ರಜಾಪ್ರಭುತ್ವ ಮರಳಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಟ್ಯಾಂಗೊದ ದೊಡ್ಡ ರಂಗಪ್ರದರ್ಶನವೊಂದು ಹೆಸರು ಮಾಡಿ ಜಗತ್ತು ಸುತ್ತಲು ಹೊರಟಿತು. ಕಲಿಯಬೇಕೆಂದು ಬಂದ ಹೊಸಬರಿಗೆ ಪ್ರದರ್ಶನದ ಜಿಗಿತ, ಕಾಲು ಬೀಸುವಿಕೆ ಒಂದು ಕಡೆ ಕಂಡವು. ಇನ್ನೊಂದು ಕಡೆ ಕಂಡವರು ಕೇರಿಯ ಕ್ಲಬ್ಬುಗಳಲ್ಲಿ ಅಳಿದುಳಿದಿದ್ದ ಮುದುಕ ಮುದುಕಿಯರು. ಮೊಣಕಾಲು ನೋವಿನ ಈ ಹಿರಿಯರು ಎರಡಡಿ ಜಾಗದಲ್ಲಿ, ಕಿಕ್ಕಿರಿದ ಜನರ ನಡುವೆ, ಯಾರಿಗೂ ತಾಗದೆ ಕುಣಿಯಬಲ್ಲವರಾಗಿದ್ದರು. ಕೂಟದ ನಡವಳಿಕೆಯೆಲ್ಲ ಅವರ ಮೈಯಲ್ಲಿತ್ತು. ಟ್ಯಾಂಗೊ ಮತ್ತೆ ಚಿಗುರಿದ್ದು ಮುಖ್ಯವಾಗಿ ಅವರಿಂದ ಎನ್ನುವುದು ಅತಿಶಯೋಕ್ತಿಯಲ್ಲ. 2009ರಲ್ಲಿ ಯುನೆಸ್ಕೊ ಅರ್ಜೆಂಟೀನಾ ಮತ್ತು ಉರುಗ್ವೆ ಎರಡರ ಹೆಸರಿನಲ್ಲೂ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿರಿಯರ ಆ ನಡವಳಿಕೆ ಏನು? ಟ್ಯಾಂಗೊದ ಕೂಟಕ್ಕೆ ಮಿಲೋಂಗ ಎಂದು ಹೆಸರು. ಅಲ್ಲಿ ಹಾಡುಗಳನ್ನು ಬಿಡಿಬಿಡಿಯಾಗಿ ಹಾಕುವುದಿಲ್ಲ. ಒಂದೇ ವಾದ್ಯಮೇಳದ ಮೂರೋ ನಾಲ್ಕೋ ಹಾಡುಗಳ ಒಂದು ಕಂತು. ಅದನ್ನು ತಾಂದಾ ಎನ್ನುತ್ತಾರೆ. ಒಂದು ಹಾಡು ಸುಮಾರು ಮೂರು ನಿಮಿಷ, ಏಕೆಂದರೆ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದೇ ಅಷ್ಟು. ಹಳೆಯ ರಂಗಗೀತೆಗಳ ತಟ್ಟೆ ಕೇಳಿದವರಿಗೆ ಈ ಅಳತೆ ಗೊತ್ತಿದೆ. ಕಂತು ಮುಗಿದ ಮೇಲೆ ಕುಣಿತಕ್ಕೆ ಸಂಬಂಧವಿಲ್ಲದ ಬೇರೊಂದು ಸಂಗೀತದ ತುಣುಕು, ನಾಟಕದ ಪರದೆ ಬಿದ್ದ ಹಾಗೆ. ಆಗ ಎಲ್ಲರೂ ಅಂಗಳ ಖಾಲಿ ಮಾಡಿ ತಮ್ಮ ಕುರ್ಚಿಗೆ ಮರಳಬೇಕು. ಮುಂದಿನ ಕಂತಿಗೆ ಹೊಸ ಜೊತೆ. ಹಾಗಾಗಿ ಒಬ್ಬರಿಗೊಬ್ಬರು ಕಟ್ಟುಬೀಳುವುದು ಹತ್ತು ಹನ್ನೆರಡು ನಿಮಿಷಕ್ಕೆ ಮಾತ್ರ. ಅಷ್ಟರಲ್ಲಿ ಹಿಡಿಸದಿದ್ದರೂ ಸಹಿಸಬಹುದು, ಹಿಡಿಸಿದರೆ ರಾತ್ರಿಯೆಲ್ಲ ಅಂಟಿಕೊಂಡಿರುವಂತಿಲ್ಲ.

ಜೊತೆ ಆರಿಸುವ ಬಗೆ ಇನ್ನೂ ಸೂಕ್ಷ್ಮ. ಯಾರೂ ಯಾರ ಮೇಜಿನ ಬಳಿಗೂ ಹೋಗಿ ಕೈ ಚಾಚುವುದಿಲ್ಲ. ದೂರದಿಂದ ನೋಟ. ನೋಟಕ್ಕೆ ನೋಟ ಸೇರಿದರೆ ತಲೆಯ ಒಂದು ಸಣ್ಣ ಸನ್ನೆ. ಆ ಕಡೆಯಿಂದಲೂ ತಲೆಯಾಡಿದರೆ ಒಪ್ಪಿಗೆ. ಮನಸ್ಸಿಲ್ಲದಿದ್ದರೆ ಕಣ್ಣು ಬೇರೆ ಕಡೆ ಹೊರಳಿಸಿದರಾಯಿತು. ಇಲ್ಲ ಎಂಬ ಮಾತು ಬಾಯಿಂದ ಬರುವುದಿಲ್ಲ, ಇಲ್ಲ ಅನ್ನಿಸಿಕೊಂಡದ್ದು ಮೂರನೆಯವರಿಗೆ ಕಾಣುವುದಿಲ್ಲ. ನೋಡುವ ಹಕ್ಕು, ನೋಡದಿರುವ ಹಕ್ಕು ಹೆಂಗಸಿಗೂ ಅಷ್ಟೇ ಇದೆ. ಚಿನ್ನದ ಗಣಿಯ ಡಾನ್ಸ್ ಹಾಲಿನ ಆ ಕೇಳಿಕೆ-ನಿರಾಕರಣೆಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಆದರೂ ಇದರಲ್ಲಿ ನೋವಿಲ್ಲವೆಂದಲ್ಲ. ಇಡೀ ರಾತ್ರಿ ಯಾರ ನೋಟವೂ ಸಿಗದೆ ಕೂತು ಎದ್ದುಹೋಗುವವರು ಅಲ್ಲಿಯೂ ಇದ್ದಾರೆ, ಅವರಲ್ಲಿ ವಯಸ್ಸಾದ ಹೆಂಗಸರು, ಹೊಸಬರು ಹೆಚ್ಚು. ಕೋಲಾಟದ ಸುತ್ತು ಈ ಒಂದು ವಿಷಯದಲ್ಲಿ ಟ್ಯಾಂಗೊಗಿಂತ ಕರುಣಾಳು.

ಇನ್ನು ಹೊರಡುವ ಸಿದ್ಧತೆ. ಅರ್ಜೆಂಟೀನಾ ಶೈಲಿಯ ಟ್ಯಾಂಗೊ ಕಲಿಯುವ ಸಣ್ಣ ಗುಂಪುಗಳು ಬೆಂಗಳೂರಿನಲ್ಲೂ ಇವೆ, ಮುಂಬಯಿ, ದೆಹಲಿಗಳಲ್ಲೂ ಇವೆ. ಮುಳಬಾಗಿಲಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗನೋ ಹುಡುಗಿಯೋ ಅಂಥ ಕೂಟಕ್ಕೆ ಹೋಗಬೇಕೆಂದುಕೊಂಡರೆ ಮೊದಲು ತಿಳಿಯಬೇಕಾದದ್ದು ಅದು ಅಭ್ಯಾಸದ ಕೂಟವೋ ನಿಜವಾದ ಮಿಲೋಂಗವೋ ಎಂಬುದು. ಅಭ್ಯಾಸದ ಕೂಟದಲ್ಲಿ ನಡುವೆ ನಿಲ್ಲಿಸಿ ಕೇಳಬಹುದು, ತಿದ್ದಬಹುದು. ಮಿಲೋಂಗದಲ್ಲಿ ಅಂಗಳದ ಮೇಲೆ ಪಾಠ ಹೇಳುವುದು ಅಸಭ್ಯತೆ. ಬ್ಯೂನಸ್ ಐರಿಸ್‌ನ ಹಳೆಯ ಗಂಡಸರು ತಿಂಗಳುಗಟ್ಟಲೆ ಗಂಡಸರ ಜತೆಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಮೊದಲು ಹೆಂಗಸಿನ ಹೆಜ್ಜೆ ಕಲಿತು, ಎಳೆಸಿಕೊಳ್ಳುವುದು ಹೇಗಿರುತ್ತದೆ ಎಂದು ಮೈಗೆ ತಿಳಿದ ಮೇಲೆಯೇ ನಡೆಸುವ ಪಾಠ. ಚೆಕ್ಕೆ ಭಜನೆಯ ಗುರುವಿಗೆ ಈ ಪದ್ಧತಿ ಕೂಡಲೇ ಅರ್ಥವಾಗುತ್ತದೆ.

ಎರಡನೆಯದು ಸಂಗೀತ ಮತ್ತು ಅಂಗಳ. ಹಳೆಯ ವಾದ್ಯಮೇಳಗಳನ್ನೇ ಹಾಕುವ ಕೂಟಗಳುಂಟು, ಹೊಸ ಬಗೆಯ ಸಂಗೀತ ಬೆರೆಸುವವೂ ಉಂಟು. ಹೊಸಬರಿಗೆ ತಾಳ ಸ್ಪಷ್ಟವಾಗಿರುವ ದಾರಿಯೆಂಸೊ ಹಿಡಿತಕ್ಕೆ ಸಿಗುತ್ತದೆ. ಪುಗ್ಲಿಯೆಸೆಯ ಎಳೆತ ಬಿಡುವುಗಳಲ್ಲಿ ಪಳಗಿದವರೂ ಕಾಲು ಎಲ್ಲಿಡಲಿ ಎಂದು ತಡವರಿಸುತ್ತಾರೆ. ಸಂಗೀತವನ್ನು ಮನೆಯಲ್ಲಿ ಮೊದಲೇ ಕೇಳಿಕೊಂಡು ಹೋಗುವುದು ಹತ್ತು ಹೊಸ ಹೆಜ್ಜೆ ಕಲಿಯುವುದಕ್ಕಿಂತ ಹೆಚ್ಚು ಉಪಯೋಗ. ಅಂಗಳದಲ್ಲಿ ಎಲ್ಲರೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತಾರೆ. ಮುಂದಿನ ಜೊತೆಯನ್ನು ಹಿಂದೆ ಹಾಕಬಾರದು, ಹಿಂದಿನವರ ಕಾಲಿಗೆ ಹಿಂದಡಿ ಇಡಬಾರದು. ಕಿಕ್ಕಿರಿದಿದ್ದರೆ ದೊಡ್ಡ ಹೆಜ್ಜೆ ಬಿಡಬೇಕು. ಬೆಂಗಳೂರಿನ ರಸ್ತೆಗಳಲ್ಲಿ ವಾಹನ ನಡೆಸುವವರಿಗೆ ಈ ನಿಯಮ ಕಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಕಾಲಿಗೆ ಚರ್ಮದ ಅಟ್ಟೆಯ ಷೂ. ರಬ್ಬರಿನದಾದರೆ ನೆಲ ಹಿಡಿದುಕೊಂಡು ತಿರುಗುವಾಗ ಮೊಣಕಾಲು ತಿರುಚುತ್ತದೆ. ಎದೆಗೆ ಎದೆ ಹತ್ತಿರವಿಟ್ಟು ಕುಣಿಯುವ ಕುಣಿತವಾದ್ದರಿಂದ ಸ್ನಾನ ಮಾಡಿ ಹೋಗುವುದು ಸೌಜನ್ಯವಷ್ಟೇ ಅಲ್ಲ, ಅಗತ್ಯ. ಬೆವರಿದರೆ ಬದಲಿಸಲು ಇನ್ನೊಂದು ಅಂಗಿ, ಒಂದು ಕರವಸ್ತ್ರ, ಬಾಯಿಗೆ ಏಲಕ್ಕಿಯೋ ಪೆಪ್ಪರಮಿಂಟೋ. ಅತ್ತರು ಮಿತವಾಗಿರಲಿ. ಊಟ ತುಸು ಮುಂಚೆ ಮುಗಿಯಲಿ, ಈರುಳ್ಳಿ ಬೆಳ್ಳುಳ್ಳಿ ಮರುದಿನಕ್ಕಿರಲಿ. ಹೋದ ತಕ್ಷಣ ಅಂಗಳಕ್ಕೆ ಇಳಿಯದೆ ಒಂದೆರಡು ಕಂತು ಸುಮ್ಮನೆ ಕೂತು ನೋಡಬೇಕು. ಯಾರು ಯಾರಿಗೂ ಡಿಕ್ಕಿ ಹೊಡೆಯದೆ ನಡೆಯುತ್ತಿದ್ದಾರೆ, ಯಾರು ಜೊತೆಯನ್ನು ಚಕ್ಕಡಿಯಂತೆ ಎಳೆಯುತ್ತಿದ್ದಾರೆ ಎನ್ನುವುದು ಅಷ್ಟರಲ್ಲಿ ತಿಳಿಯುತ್ತದೆ. ಕಂತಿನ ನಡುವೆ ಧನ್ಯವಾದ ಹೇಳಬಾರದು. ಅಲ್ಲಿನ ರೂಢಿಯಲ್ಲಿ ಅದಕ್ಕೆ ಇನ್ನು ಸಾಕು ಎಂಬ ಅರ್ಥ. ನಯವಾಗಿ ಮಾತಾಡಲು ಹೋಗಿ ಹೊಸಬರು ಜೊತೆ ಕಳೆದುಕೊಳ್ಳುವುದು ಇಲ್ಲೇ. ಅಂಗಳದಲ್ಲಿ ಯಾರಾದರೂ ಬೇಡದ ರೀತಿ ಹಿಡಿದರೆ ಅದೇ ಧನ್ಯವಾದ ಹೆಂಗಸಿನ ಕೈಯಲ್ಲಿರುವ ಆಯುಧವೂ ಹೌದು. ಒಂದು ಮಾತು ಹೇಳಿ ಬಂದುಬಿಡಬಹುದು, ಕಾರಣ ಕೊಡಬೇಕಾಗಿಲ್ಲ.

ಕುರುಡುಮಲೆಯ ಸೋಮೇಶ್ವರ ಗುಡಿಯ ಒಂದು ಪಾಲನ್ನು ಜಕಣಾಚಾರಿ, ಇನ್ನೊಂದು ಪಾಲನ್ನು ಮಗ ಡಂಕಣ ಕೆತ್ತಿದರೆಂದು ಜನ ತೋರಿಸುತ್ತಾರೆ. ಎರಡು ಕೈಗಳ ಕೆಲಸ ಒಂದೇ ಗುಡಿಯಾಗಿ ನಿಲ್ಲಬೇಕಾದರೆ ಒಬ್ಬರ ಅಳತೆ ಇನ್ನೊಬ್ಬರಿಗೆ ಗೊತ್ತಿರಬೇಕು. ಕೋಲಾಟದ ಎದುರುಬದುರಿನವರಿಗೂ ಟ್ಯಾಂಗೊದ ಜೊತೆಗೂ ಬೇಕಾದದ್ದು ಅದೇ ಅಳತೆ. ಅದು ಬರುವುದು ಕೂಟದಲ್ಲಿ ಮಾತ್ರ. ಇವತ್ತು ಕೋಲಾಟ ಶಾಲೆಯ ವಾರ್ಷಿಕೋತ್ಸವದಲ್ಲಿದೆ, ಸರ್ಕಾರಿ ಉತ್ಸವಗಳ ಮೆರವಣಿಗೆಯಲ್ಲಿದೆ, ಬಹುಮಾನದ ಸ್ಪರ್ಧೆಗಳಲ್ಲಿದೆ. ಬಣ್ಣದ ಕಾಗದ ಸುತ್ತಿದ ಕೋಲು, ಧ್ವನಿವರ್ಧಕದಲ್ಲಿ ಮುದ್ರಿತ ಹಾಡು, ಐದು ನಿಮಿಷದ ಅವಧಿ. ಮಕ್ಕಳು ಅಚ್ಚುಕಟ್ಟಾಗಿಯೇ ಆಡುತ್ತಾರೆ. ಆದರೆ ನೋಡುತ್ತ ಕೂತ ಅಜ್ಜನಿಗೆ ಎದ್ದು ಹೋಗಿ ಸುತ್ತಿನೊಳಗೆ ಸೇರಿಕೊಳ್ಳುವ ಹಾಗಿಲ್ಲ. ಹೆಜ್ಜೆ ಉಳಿದಿದೆ, ಸೇರುವ ಬಾಗಿಲು ಮುಚ್ಚಿದೆ.

ಬಾಗಿಲು ತೆರೆದ ಪ್ರಯತ್ನಗಳೂ ಇದೇ ಸೀಮೆಯಲ್ಲಿ ಆಗಿವೆ. ದಲಿತ ಚಳವಳಿ ಗಟ್ಟಿಯಾಗಿ ಬೇರೂರಿದ ಜಿಲ್ಲೆ ಕೋಲಾರ. ಅದರ ಹಾಡುಗಳಿಗೆ ತಮಟೆಯೇ ಶ್ರುತಿ. ಕೋಲಾರದ ಬಳಿಯ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಕೇಂದ್ರ ಹುಣ್ಣಿಮೆ ಹಾಡು ಎಂಬ ಹೆಸರಿನಲ್ಲಿ ಬೆಳದಿಂಗಳ ರಾತ್ರಿಗಳಲ್ಲಿ ಜನರನ್ನು ಕೂಡಿಸಿತು. ಹಳೆಯ ಕಲಿಕೆಯ ರಾತ್ರಿಗಳನ್ನು ಅದು ಬೇರೆ ಅರ್ಥದಲ್ಲಿ ಮರಳಿ ತಂದಿತು ಎನ್ನಬಹುದು. 2023ರಲ್ಲಿ, ಹಿಂದೆ ಇದೇ ಅವಿಭಜಿತ ಜಿಲ್ಲೆಯಲ್ಲಿದ್ದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಅಂಚಿನಲ್ಲಿ ನಿಂತು ಬಡಿಯುತ್ತಿದ್ದ ವಾದ್ಯ ರಾಷ್ಟ್ರಪತಿ ಭವನದವರೆಗೂ ಹೋಗಿಬಂತು. ಊರ ಅಂಗಳದ ಸುತ್ತಿನೊಳಗೆ ಅದನ್ನು ಬಡಿಯುವವರ ಮಕ್ಕಳೂ ಕೋಲು ಹಿಡಿದು ನಿಲ್ಲುವುದು ಎಷ್ಟು ಊರುಗಳಲ್ಲಿ ಆಗಿದೆ ಎಂಬುದನ್ನು ಈ ಸಲದ ಹಬ್ಬಕ್ಕೆ ತಮ್ಮ ತಮ್ಮ ಊರಿಗೆ ಹೋದಾಗ ನೀವೇ ಎಣಿಸಿ ನೋಡಬಹುದು.